ತಪ್ಪು ಉತ್ತರದ ಕತ್ತೆ

ಸೆಪ್ಟೆಂಬರ್ 4, ಸೋಮವಾರ

ಐದನೇ ತರಗತಿಯ ಕಿಟಕಿಗೆ ಒಂದು ಚಿಲಕ ಬೇಕೆಂದು ಎರಡು ವರ್ಷದಿಂದ ಬರೆದುಕೊಡುತ್ತಿದ್ದೇನೆ. ಇವತ್ತು ಅದರ ಬದಲು ಮೂವತ್ತೆರಡು ಟ್ಯಾಬ್ ಬಂದವು. ಮಕ್ಕಳಿಗೆ ಮೂವತ್ತೊಂದು, ನನಗೊಂದು.

ಕೇಳಿದ್ದು ಕಿಟಕಿಗೊಂದು ಚಿಲಕ,
ಬಂದದ್ದು ಮಿಣಮಿಣ ಫಲಕ.

ಇಲಾಖೆಯಿಂದ ತರಬೇತಿ ಕೊಡಲು ಬಂದ ಯುವಕನಿಗೆ ಮಾತಿಗೊಮ್ಮೆ ‘ಪ್ರಗತಿ’ ಎನ್ನುವ ಚಟ. ಮಧ್ಯಾಹ್ನದೊಳಗೆ ಸ್ಟಾಫ್ ರೂಮಿನಲ್ಲಿ ‘ಪ್ರಗತಿ ಸಾರ್’ ಎಂಬ ಹೆಸರು ಗಟ್ಟಿಯಾಯಿತು. ಆತ ಗೋಡೆಗೆ ಬೆಳಕು ಬಿಟ್ಟು ತೋರಿಸಿದ: ಒಂದು ಲೆಕ್ಕ, ಕೆಳಗೆ ನಾಲ್ಕು ಉತ್ತರ. ಸರಿಯಾದದ್ದನ್ನು ಒತ್ತಿದರೆ ‘ಟಿಣ್’ ಎಂದು ಒಂದು ನಕ್ಷತ್ರ. ಆತ ಹತ್ತು ಒತ್ತಿದ, ಹತ್ತು ನಕ್ಷತ್ರ. ಆಮೇಲೆ ನಾವು ಶಿಕ್ಷಕರೆಲ್ಲ ಒಬ್ಬೊಬ್ಬರಾಗಿ ಒತ್ತಿದೆವು. ನಮ್ಮ ಹೆಡ್‌ಮಿಸ್ಟ್ರೆಸ್ ದೊಡ್ಡ ಮೇಡಂ ಒತ್ತುವ ಮುಂಚೆ ನನ್ನ ಕಡೆ ಬಾಗಿ, “ಮೂರನೇದು ತಾನೇ?” ಎಂದು ಖಾತ್ರಿ ಮಾಡಿಕೊಂಡರು. ಎಲ್ಲರಿಗೂ ನಕ್ಷತ್ರ ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

“ನೀವೇನೂ ಮಾಡ್ಬೇಡಿ ಮೇಡಂ,” ಎಂದ ನನಗೆ. “ಮಕ್ಕಳ ಹತ್ರ ಹೋಗಿ ಬಗ್ಗಿ ನೋಡೋದು, ಹೇಳ್ಕೊಡೋದು, ಏನೂ ಬೇಡ. ಮಿಷನ್ ಅವರ ಜೊತೆ ಮಾತಾಡುತ್ತೆ. ನೀವು ಟೇಬಲ್ ಹತ್ರ ಕೂತು ನಿಮ್ಮ ಟ್ಯಾಬ್ ನೋಡ್ತಾ ಇರಿ. ಒಂದೊಂದು ಮಗೂಗೆ ಒಂದೊಂದು ಚುಕ್ಕಿ. ಹಸಿರಾದ್ರೆ ಪ್ರಗತಿ.”

“ಕೆಂಪಾದ್ರೆ?”

“ಪ್ರಗತಿ ಬೇಕು ಅಂತ.”

ಏನೂ ಮಾಡಬೇಡಿ ಎಂದು ಯಾರಾದರೂ ಹೇಳಲಿ ಎಂದು ಇಪ್ಪತ್ತೊಂದು ವರ್ಷ ಕಾದಿದ್ದೇನೆ. ಹೇಳಿದಾಗ ಯಾಕೋ ಸಿಟ್ಟು ಬಂತು.

ಇರಲಿ. ಪಠ್ಯಪುಸ್ತಕದ ಉಗ್ರಾಣದಲ್ಲಿ ಒಂದು ಕುರ್ಚಿ ಖಾಲಿಯಾಗಿದೆ. ಅರ್ಜಿ ತಂದಿಟ್ಟುಕೊಂಡಿದ್ದೇನೆ, ಅಕ್ಟೋಬರ್ ಹತ್ತು ಕೊನೆಯ ದಿನ. ಅಲ್ಲಿ ಪುಸ್ತಕ ಬರುತ್ತವೆ, ಪುಸ್ತಕ ಹೋಗುತ್ತವೆ. ಯಾವ ಪುಸ್ತಕವೂ ಕಿರುಬೆರಳೆತ್ತಿ “ಟೀಚರ್, ಒಂದಕ್ಕೆ” ಎನ್ನುವುದಿಲ್ಲ.

ಸೆಪ್ಟೆಂಬರ್ 8, ಶುಕ್ರವಾರ

ಕ್ಲಾಸಿನಲ್ಲಿ ಇಷ್ಟು ನಿಶ್ಶಬ್ದ ಎಂದೂ ಇರಲಿಲ್ಲ. ಮೂವತ್ತೊಂದು ತಲೆ, ಅರವತ್ತೆರಡು ಕಿವಿ, ಎಲ್ಲದರಲ್ಲೂ ಬಿಳಿ ವೈರು. ನಾನು ಆಜ್ಞೆಯಂತೆ ಟೇಬಲ್ಲಿನ ಹಿಂದೆ ಕೂತು ಚುಕ್ಕಿ ನೋಡಿದೆ.

ಎಲ್ಲ ಕೆಂಪು. ಸೋಮವಾರ ಟ್ಯಾಬ್ ಕೈಗೆ ಸಿಕ್ಕಾಗ ಹತ್ತು-ಹನ್ನೆರಡಾದರೂ ಹಸಿರಿದ್ದವು. ಬುಧವಾರಕ್ಕೆ ಐದು. ಇವತ್ತು ಪರದೆ ತುಂಬ ದಡಾರ ಎದ್ದ ಹಾಗಿದೆ.

ವಿಚಿತ್ರವೆಂದರೆ ಮಕ್ಕಳ ಮುಖ ಕೆಂಪಾಗಿಲ್ಲ. ಲೆಕ್ಕ ತಪ್ಪಿದ ಮಗುವಿನ ಮುಖ ನನಗೆ ಗೊತ್ತು. ಅದನ್ನು ನೋಡಿಯೇ ಸಂಬಳ ತೆಗೆದುಕೊಂಡಿದ್ದೇನೆ. ಇವು ನಗುತ್ತಿವೆ. ಒಬ್ಬ ನಕ್ಕು ನಕ್ಕು ಬೆಂಚಿನಿಂದ ಜಾರಿದ.

“ಏನೋ ಅದು?”

“ಏನಿಲ್ಲ ಟೀಚರ್. ಲೆಕ್ಕ.”

ಲೆಕ್ಕಕ್ಕೆ ನಗುವ ಮಗುವನ್ನು ನಾನು ಈವರೆಗೆ ಕಂಡಿಲ್ಲ.

ಸೆಪ್ಟೆಂಬರ್ 13, ಬುಧವಾರ

ಕೆಂಪು. ತಲೆನೋವು.

ಸೆಪ್ಟೆಂಬರ್ 19, ಮಂಗಳವಾರ

ಸುತ್ತೋಲೆ ಬಂತು. ಅಕ್ಟೋಬರ್ 13ರ ಹೊತ್ತಿಗೆ ಟ್ಯಾಬಿನಲ್ಲಿ ನೂರಕ್ಕೆ ನಲವತ್ತು ದಾಟದ ತರಗತಿಯವರು, ವರ್ಷದ ಉಳಿದ ಭಾಗವೆಲ್ಲ ಹಿಂದಿನ ತರಗತಿಯಲ್ಲಿ ಕೂತು ‘ಮರುಪಾಠ’ ಮಾಡಬೇಕಂತೆ. ಎಂದರೆ ನನ್ನ ಐದನೆಯವರು ನಾಲ್ಕನೆಯವರ ಬೆಂಚಿಗೆ.

ನಮ್ಮ ಸರಾಸರಿ ನೂರಕ್ಕೆ ಆರು.

ದೊಡ್ಡ ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಗಲೂ ಆರೇ.

“ಏನಮ್ಮಾ ಇದು? ನಿಮ್ಮ ಕ್ಲಾಸಲ್ಲಿ ಹೀಗಾದ್ರೆ ಹೇಗೆ? ಮಗ್ಗಿ ಅಂದ್ರೆ ನೀವು, ನೀವು ಅಂದ್ರೆ ಮಗ್ಗಿ ಅಂತ ನಾನೇ ಎಲ್ಲರ ಹತ್ರ ಹೇಳ್ಕೊಂಡು ಬಂದಿದೀನಿ.”

ಏನೂ ಮಾಡಬೇಡಿ ಎಂದರು, ಮಾಡಲಿಲ್ಲ.

ಸೆಪ್ಟೆಂಬರ್ 21, ಗುರುವಾರ

ಗುಮ್ಮಿಯ ತಾಯಿ ಬಂದಿದ್ದರು. ಬಸ್ ನಿಲ್ದಾಣದ ಎದುರು ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಮಗಳು ಮೂರನೇ ಬೆಂಚಿನ ಗೋಡೆಯ ಪಕ್ಕ ಗುಮ್ಮೆಂದು ಕೂತಿರುತ್ತಾಳೆಂದು ಮಕ್ಕಳೇ ಇಟ್ಟ ಹೆಸರು ಗುಮ್ಮಿ. ಜೂನ್‌ನಿಂದ ನನ್ನೆದುರು ಅವಳು ಆಡಿದ ಮಾತನ್ನೆಲ್ಲ ಒಂದು ಅಂಚೆಚೀಟಿಯ ಹಿಂದೆ ಬರೆಯಬಹುದು. ಟ್ಯಾಬಿನಲ್ಲಿ ಅವಳಿಗೆ ನೂರಿಪ್ಪತ್ತಕ್ಕೆ ಸೊನ್ನೆ.

ತಾಯಿಯ ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಕೂರಿ ಎಂದರೂ ಕೂರಲಿಲ್ಲ.

“ಇವಳನ್ನ ನಾಲ್ಕನೇ ಕ್ಲಾಸಿಗೆ ಹಾಕ್ತೀರಂತೆ ಹೌದಾ ಟೀಚರ್?”

“ಇನ್ನೂ ತೀರ್ಮಾನ ಆಗಿಲ್ಲಮ್ಮ.”

“ನಾಲ್ಕನೇ ಕ್ಲಾಸಲ್ಲಿ ಇವಳ ತಂಗಿ ಇದಾಳೆ. ತಂಗಿ ಪಕ್ಕ ಕೂರಿಸಿದ್ರೆ ಸ್ಕೂಲಿಗೇ ಬರಲ್ಲ ಅಂತ ಒಂದೇ ಹಟ. ರಾತ್ರಿ ಊಟ ಬಿಟ್ಟಳು. ಇವಳು ಮಾತಾಡಲ್ಲ ನಿಜ, ಆದ್ರೆ ಹೇಳಿದ್ದು ಮಾಡೇ ಮಾಡ್ತಾಳೆ. ಅವರಪ್ಪನ ಥರ.”

“ಲೆಕ್ಕದಲ್ಲಿ ಸ್ವಲ್ಪ ಹಿಂದೆ…”

ಆಕೆ ನನ್ನನ್ನು ಮೇಲಿಂದ ಕೆಳಗೆ, ರವಿಕೆಗೆ ಅಳತೆ ತೆಗೆಯುವವರಂತೆ ನೋಡಿದರು. “ಲೆಕ್ಕದಲ್ಲಾ? ಅಂಗಡೀಲಿ ಎಷ್ಟು ಮೀಟರಿಗೆ ಎಷ್ಟು ದಿಂಬಿನ ಚೀಲ ಬರುತ್ತೆ, ಅಂಚಿಗೆ ಎಷ್ಟು ಬಿಡಬೇಕು, ಎಲ್ಲಾ ಇವಳೇ ಹೇಳೋದು. ನಾನು ಪೇಪರ್ ಹುಡುಕೋದರೊಳಗೆ ಹೇಳಿಬಿಟ್ಟಿರ್ತಾಳೆ.”

ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡೆ. ಆದರೂ ಮಾತು ಮನಸ್ಸಿನಲ್ಲಿ ಕುಟುಕುಟು ಎನ್ನುತ್ತಿದೆ.

ಸೆಪ್ಟೆಂಬರ್ 22, ಶುಕ್ರವಾರ

ಸಂಜೆ ಇವರು ಡ್ಯೂಟಿ ಮುಗಿಸಿ ಬಂದರು. ದಿನವಿಡೀ ಬಸ್ಸು ಓಡಿಸಿ ಬಂದವರನ್ನು ಮನೆಯಲ್ಲಿ ಯಾರೂ ಹಿಂದಿನಿಂದ ಮಾತಾಡಿಸಬಾರದು. ಎದುರು ಬಂದು ಮಾತಾಡಬೇಕು. ಎದುರು ಹೋಗಿ ಕೂತು ಗುಮ್ಮಿಯ ಸೊನ್ನೆಯ ಕಥೆ ಹೇಳಿದೆ.

“ಎಷ್ಟು ಪ್ರಶ್ನೆಗೆ?”

“ನೂರಿಪ್ಪತ್ತು. ಒಂದೊಂದಕ್ಕೂ ನಾಲ್ಕು ಉತ್ತರ ಕೊಟ್ಟಿರುತ್ತೆ, ಒಂದು ಒತ್ತಬೇಕು.”

ಇವರು ಸಾಕ್ಸ್ ಕಳಚುತ್ತಾ, “ಅದು ಹೆಂಗಾಗುತ್ತೆ?” ಎಂದರು. “ಕಣ್ಣು ಮುಚ್ಕೊಂಡು ಒತ್ತಿದ್ರೂ ನಾಲ್ಕರಲ್ಲಿ ಒಂದು ತಗಲೇ ತಗಲುತ್ತಲ್ಲ. ನಮ್ಮ ಡಿಪೋದಲ್ಲಿ ಒಬ್ಬ ಇದಾನೆ, ಅವನಿಗೆ ದಾರಿನೇ ಗೊತ್ತಿಲ್ಲ. ಅವನೂ ವಾರಕ್ಕೆರಡು ಸಲ ಸರಿಯಾದ ಕಡೆ ತಿರುಗಿಸ್ತಾನೆ.”

ಕೈಗೆ ಕಾಗದ ಸಿಗಲಿಲ್ಲ. ಉಗ್ರಾಣದ ಅರ್ಜಿಯ ಹಿಂಬದಿ ಖಾಲಿಯಿತ್ತು, ಅದರ ಮೇಲೇ ಹಾಕಿದೆ. ಏನೂ ಗೊತ್ತಿಲ್ಲದೆ ಒತ್ತಿದರೆ ನೂರಿಪ್ಪತ್ತಕ್ಕೆ ಹೆಚ್ಚುಕಡಿಮೆ ಮೂವತ್ತು ಸರಿ ಬರಬೇಕು. ಇಪ್ಪತ್ತು ಬಂದರೆ ದುರದೃಷ್ಟ. ಹತ್ತು ಬಂದರೆ ಶನಿಕಾಟ. ಸೊನ್ನೆ ಬರುವುದು ಸಾಧ್ಯವೇ ಇಲ್ಲ, ಸರಿ ಯಾವುದೆಂದು ನೋಡಿ, ಅದನ್ನು ಮುಟ್ಟದೆ ದಾಟಿದ್ದರೆ ಹೊರತು.

ಇವಳಿಗೆ ನೂರಿಪ್ಪತ್ತೂ ಗೊತ್ತು!

ಗೊತ್ತಿದ್ದೂ ತಪ್ಪು ಒತ್ತುವುದು ಯಾಕೆ? ತಂಗಿಯ ಪಕ್ಕ ಕೂರಲಾರೆ ಎಂದು ಊಟ ಬಿಟ್ಟವಳು, ಆ ಬೆಂಚಿಗೆ ತಾನೇ ದಾರಿ ಮಾಡಿಕೊಳ್ಳುವಳೆ? ಇವರನ್ನು ಕೇಳಿದೆ. ಆಗಲೇ ಗೊರಕೆ ಹೊಡೆಯುತ್ತಿದ್ದರು.

ಸೆಪ್ಟೆಂಬರ್ 23, ಶನಿವಾರ

ಅರ್ಧ ದಿನದ ಶಾಲೆ. ಮಕ್ಕಳು ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಗುಮ್ಮಿಯ ಟ್ಯಾಬ್ ತೆಗೆದುಕೊಂಡು, ವೈರು ಕಿವಿಗಿಟ್ಟು ಕೂತೆ. ಮೊದಲ ಲೆಕ್ಕ: ಒಂಬತ್ತೆಂಟಲ ಎಷ್ಟು?

ಎಪ್ಪತ್ತೆರಡು. ಬೆರಳು ತಾನಾಗಿ ಅತ್ತ ಹೋಯಿತು. ಹಿಡಿದು ನಿಲ್ಲಿಸಿದೆ. ಎಂಬತ್ತೊಂದನ್ನು ಒತ್ತಬೇಕು. ಒತ್ತಲಾಗಲಿಲ್ಲ.

ನಗಬೇಡ ಎಂದು ನನಗೆ ನಾನೇ ಹೇಳಿಕೊಂಡು ಬರೆಯುತ್ತಿದ್ದೇನೆ. ಖಾಲಿ ಕ್ಲಾಸು, ನೋಡುವವರು ಯಾರೂ ಇಲ್ಲ. ಆದರೂ ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಉತ್ತರ ಕೊಡಲು ಈ ಬೆರಳು ಒಪ್ಪುತ್ತಿಲ್ಲ. ಬೆವರಿತು. ಕೊನೆಗೆ ಕಣ್ಣು ಮುಚ್ಚಿ ಇಂಜೆಕ್ಷನ್ ಚುಚ್ಚಿಸಿಕೊಂಡವಳಂತೆ ಒತ್ತಿದೆ.

ಒಂದು ಕತ್ತೆ ಬಂತು.

ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. “ಎಂಬತ್ತೊಂದಾ? ನಾನೂ ಹಂಗೇ ಅಂದ್ಕೊಂಡಿದ್ದೆ ಕಣಪ್ಪಾ!” ಎಂದಿತು. ಒಂದು ದಿನ ಇಟ್ಟಿಗೆ ಹೊರಲು ಹೋಗಿತ್ತಂತೆ. ಸಾಲಿಗೆ ಒಂಬತ್ತರಂತೆ ಎಂಟು ಸಾಲು. ಯಜಮಾನನಿಗೆ ಎಂಬತ್ತೊಂದು ಎಂದು ಲೆಕ್ಕ ಒಪ್ಪಿಸಿತಂತೆ. “ಒಂಬತ್ತು ಕಮ್ಮಿ ಇದೆಯಲ್ಲೋ, ಎಲ್ಲಿ ತಿಂದೆ?” ಎಂದು ಆತ ಬಾಲ ಹಿಡಿದನಂತೆ. ಇಲ್ಲದ ಒಂಬತ್ತನೇ ಸಾಲು ಹುಡುಕುತ್ತಾ ಕತ್ತೆ ಊರೆಲ್ಲ ಸುತ್ತಿ, ಒಂದು ಮದುವೆ ಚಪ್ಪರಕ್ಕೆ ನುಗ್ಗಿ… ಪೂರ್ತಿ ಬರೆಯಲಾರೆ. ಬರೆದರೆ ಅದರ ದನಿ ಹೋಗುತ್ತದೆ.

ಇನ್ನೊಂದು ತಪ್ಪು ಒತ್ತಿದೆ. ಬೇರೆ ಕಥೆ. ಮತ್ತೊಂದು. ಬೇರೆ ಕಥೆ. ಪ್ರತಿ ತಪ್ಪಿಗೂ ಅದೇ ತಪ್ಪನ್ನು ಮಾಡಿ ಪಾಡುಪಟ್ಟ ಕತ್ತೆ, ಎಲ್ಲಿ ಎಡವಿದೆನೆಂದು ತಾನೇ ಹುಡುಕಿಕೊಳ್ಳುತ್ತದೆ. ಎಷ್ಟು ಚೆನ್ನಾಗಿ ಹೇಳಿಕೊಡುತ್ತದೆಂದರೆ, ನನಗೆ ಹೊಟ್ಟೆಕಿಚ್ಚಾಯಿತು.

ನಾನು ಬಿದ್ದು ಬಿದ್ದು ನಗುವುದು ಕೇಳಿ ಜವಾನ ಬಾಗಿಲು ಸರಿಸಿದ. “ಟೀಚರ್, ಹುಷಾರಾಗಿದೀರಾ?”

ಈಗ ಹೊಳೆಯಿತು. ಈ ಕತ್ತೆಯನ್ನು ದೊಡ್ಡವರು ಯಾರೂ ನೋಡಿಯೇ ಇಲ್ಲ. ಪ್ರಗತಿ ಸಾರ್ ನೋಡಿಲ್ಲ, ದೊಡ್ಡ ಮೇಡಂ ನೋಡಿಲ್ಲ. ಅವತ್ತು ನಾವೆಲ್ಲ ಸಾಲಾಗಿ ನಿಂತು ಸರಿಯನ್ನೇ ಒತ್ತಿದ್ದೆವು.

ಬಲ್ಲವರಿಗೆ ನಕ್ಷತ್ರದ ಬೆಳಕು,
ತಪ್ಪಿದವರಿಗೆ ಕತ್ತೆಯ ಪುಳಕ.

ಸೆಪ್ಟೆಂಬರ್ 25, ಸೋಮವಾರ

ಬೆಳಿಗ್ಗೆ ಟ್ಯಾಬ್ ಹಂಚಲಿಲ್ಲ. “ಕತ್ತೆ ಯಾರ್ಯಾರಿಗೆ ಗೊತ್ತು?” ಎಂದೆ.

ಮೂವತ್ತೊಂದು ಮಂದಿ ಒಟ್ಟಿಗೆ ಉಸಿರು ಬಿಗಿಹಿಡಿದರು. ಕೊನೆಗೆ ವಾಚಾಳಿ, ನಮ್ಮ ಕ್ಲಾಸಿನ ಆಕಾಶವಾಣಿ, ಎದ್ದು ನಿಂತಳು. “ಗುಮ್ಮಿ ಮೊದಲು ಕಂಡುಹಿಡಿದಿದ್ದು ಟೀಚರ್. ತಪ್ಪು ಒತ್ತಿದ್ರೆ ಏನಾಗುತ್ತೆ ನೋಡೋಣ ಅಂತ ಒತ್ತಿದ್ಲಂತೆ. ಆಮೇಲೆ ಎಲ್ಲರಿಗೂ ಹೇಳಿದ್ಲು.”

“ಇವಳು ಮಾತಾಡ್ತಾಳಾ?”

“ಬೇಕಾದಷ್ಟು! ನಿಮ್ಮ ಹತ್ರ ಆಡಲ್ಲ ಅಷ್ಟೇ.”

“ಸರಿ ಉತ್ತರ ಗೊತ್ತಿದ್ದೂ ತಪ್ಪು ಒತ್ತಿದ್ರಾ ಎಲ್ಲರೂ?”

“ಗೊತ್ತಿರಲೇಬೇಕಲ್ಲ ಟೀಚರ್. ಇಲ್ಲಾಂದ್ರೆ ಅಪ್ಪಿತಪ್ಪಿ ಸರಿ ಒತ್ಬಿಟ್ರೆ ನಕ್ಷತ್ರ ಬಂದ್ಬಿಡುತ್ತೆ. ಕತ್ತೆ ಹೋಯ್ತು.”

“ನಕ್ಷತ್ರ ಬಂದ್ರೆ ಒಳ್ಳೇದಲ್ವೇನೇ?”

ಯೋಚಿಸಿದಳು. “ಅದು ಟಿಣ್ ಅನ್ನುತ್ತೆ, ಅಷ್ಟೇ. ನೀವು ‘ಹ್ಞೂಂ, ಕೂತ್ಕೋ’ ಅಂತೀರಲ್ಲ, ಹಂಗೆ.”

ನಾನು ಹಾಗನ್ನುತ್ತೇನೆಯೆ? ಮಕ್ಕಳನ್ನು ಕೇಳಬೇಕೆಂದುಕೊಂಡೆ. ಕೇಳುವ ಧೈರ್ಯ ಬರಲಿಲ್ಲ.

ಹದಿಮೂರನೆಯ ತಾರೀಖಿನ ವಿಷಯ ಬಿಡಿಸಿ ಹೇಳಿದೆ. ತಪ್ಪು ಒತ್ತುವುದಕ್ಕೂ ನಾಲ್ಕನೆಯವರ ಬೆಂಚಿಗೂ ನಂಟಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಇನ್ನು ಸರಿಯನ್ನೇ ಒತ್ತಿ ಎಂದೆ. ಗುಮ್ಮಿ ವಾಚಾಳಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು.

“ಹಾಗಾದ್ರೆ ಕಥೆ ಯಾರು ಹೇಳ್ತಾರೆ ಅಂತ ಕೇಳ್ತಿದಾಳೆ ಟೀಚರ್.”

ಬಾಯಿ ತಪ್ಪಿ, “ನಾನು ಹೇಳ್ತೀನಿ,” ಎಂದುಬಿಟ್ಟೆ.

ಸೆಪ್ಟೆಂಬರ್ 27, ಬುಧವಾರ

ಇಪ್ಪತ್ತೊಂದು ವರ್ಷ ಮಕ್ಕಳಿಗೆ “ಕತ್ತೆ” ಎಂದ ಬಾಯಿಯಲ್ಲಿ ಇವತ್ತು ಕತ್ತೆಯಾಗಿ ಮಾತಾಡಿದೆ. ಮೊದಲ ಕಥೆ ಚೆನ್ನಾಗಿ ಬರಲಿಲ್ಲ. ಪ್ರಾಸಕ್ಕೆ ಆಸೆಪಟ್ಟು ಭಾಗಾಕಾರ ಕೆಟ್ಟಿತು. ಹಿಂದಿನ ಬೆಂಚಿನವನು, “ಆ ಕತ್ತೆ ಇನ್ನೂ ಜೋರಾಗಿ ಅರಚುತ್ತೆ ಟೀಚರ್,” ಎಂದ. ಅರಚಿದೆ. ಪಕ್ಕದ ಕ್ಲಾಸಿನ ಪಾಠ ನಿಂತಿತು.

ಟ್ಯಾಬಿನಲ್ಲಿ ಹಸಿರೋ ಹಸಿರು.

ಅಕ್ಟೋಬರ್ 3, ಮಂಗಳವಾರ

ಕೆಟ್ಟೆವು.

ಬೆಳಿಗ್ಗೆ ಟ್ಯಾಬ್ ತೆರೆದರೆ ಯಾವುದೂ ಒಳಗೆ ಬಿಡಲಿಲ್ಲ. “ಅಸಹಜ ಏರಿಕೆ. ಪರಿಶೀಲನೆ ಬಾಕಿ.” ಮೂವತ್ತೊಂದರಲ್ಲೂ ಅದೇ. ಆರು ಇದ್ದವರು ಮೂರು ದಿನದಲ್ಲಿ ತೊಂಬತ್ತೆಂಟಾದರೆ, ಯಾರೋ ಉತ್ತರ ಹೇಳಿಕೊಟ್ಟಿದ್ದಾರೆ ಎಂದು ಮಿಷನ್ನಿನ ನಂಬಿಕೆ. ಯಾರೋ ಎಂದರೆ ನಾನೇ. ಹೊಸ ಅಂಕಗಳನ್ನು ಮಿಷನ್ನೇ ಅಳಿಸಿ ಹಾಕಿದೆ, ಹಳೆಯ ಆರು ಹಾಗೇ ನಿಂತಿದೆ.

ತಪ್ಪು ಒತ್ತಿದರೆ ದಡ್ಡರು, ಸರಿ ಒತ್ತಿದರೆ ಕಳ್ಳರು.

ಪ್ರಗತಿ ಸಾರ್‌ಗೆ ಫೋನ್ ಮಾಡಿ ಕತ್ತೆಯ ವಿಷಯ ಹೇಳಿದೆ. “ಮೇಡಂ, ನಮ್ಮ ತಂತ್ರಾಂಶದಲ್ಲಿ ಕತ್ತೆ ಇಲ್ಲ,” ಎಂದ. ನಾನು ರಜೆ ತೆಗೆದುಕೊಳ್ಳುವುದು ಒಳ್ಳೆಯದು ಎಂಬ ದನಿಯಿತ್ತು. ಮುಂದಿನ ಮಂಗಳವಾರ ಖುದ್ದು ಬಂದು ಮಕ್ಕಳನ್ನು ಕೇಳಿ ಪರೀಕ್ಷಿಸುತ್ತಾನಂತೆ. ಬೋರ್ಡಿನ ಮೇಲೆ, ಬಾಯಲ್ಲಿ, ತಾನೇ ಆರಿಸಿದ ಮಗುವನ್ನು. ಅವತ್ತು ಅವನು ಬರೆದದ್ದೇ ಅಂತಿಮ.

ಸಂಜೆ ಗೇಟಿನ ಹತ್ತಿರ ಗುಮ್ಮಿ ತಂಗಿಯ ಕೈ ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಕೈ ಬಿಟ್ಟು, ಎರಡು ಹೆಜ್ಜೆ ದೂರ ಸರಿದು ನಿಂತಳು.

ಅಕ್ಟೋಬರ್ 10, ಮಂಗಳವಾರ

ಪ್ರಗತಿ ಸಾರ್ ಹತ್ತೂವರೆಗೆ ಬಂದ. ದೊಡ್ಡ ಮೇಡಂ ಹಿಂದಿನ ಕುರ್ಚಿಯಲ್ಲಿ ಕೂತರು. ಆತ ಹೆಸರುಪಟ್ಟಿಯ ಮೇಲೆ ಬೆರಳಾಡಿಸಿ, ಸೊನ್ನೆ ಇದ್ದ ಸಾಲಿನಲ್ಲಿ ನಿಲ್ಲಿಸಿದ. ಗುಮ್ಮಿ ಎದ್ದಳು.

“ತೊಟ್ಟಿಯಲ್ಲಿ ನಲವತ್ತೆಂಟು ಲೀಟರ್ ನೀರಿದೆ. ಮುಕ್ಕಾಲು ಭಾಗ ಖರ್ಚಾಯ್ತು. ಉಳಿದದ್ದೆಷ್ಟು?”

ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. “ಮೂವತ್ತಾರು.”

ಅವನು ಕೈಯಲ್ಲಿದ್ದ ಹಾಳೆ ನೋಡಿ, “ತಪ್ಪು,” ಎಂದು ಪೆನ್ನು ತೆಗೆದ. ಬರೆಯುವ ಮುಂಚೆ ಯಾಕೋ ಕನಿಕರ ಬಂದಿರಬೇಕು. “ಬಾಮ್ಮ ಇಲ್ಲಿ, ತೋರಿಸ್ತೀನಿ,” ಎಂದು ಸೀಮೆಸುಣ್ಣ ಹಿಡಿದ. ಗುಮ್ಮಿ ಬೋರ್ಡಿನ ಹತ್ತಿರ ಹೋಗಿ ಕೈಕಟ್ಟಿ ನಿಂತಳು.

“ನಲವತ್ತೆಂಟನ್ನ ನಾಲ್ಕು ಭಾಗ ಮಾಡು. ಒಂದೊಂದು ಹನ್ನೆರಡು. ಮುಕ್ಕಾಲು ಅಂದ್ರೆ ಮೂರು ಭಾಗ. ಹನ್ನೆರಡು ಮೂರಲ… ಮೂವತ್ತಾರು. ನೋಡಿದ್ಯಾ? ಉತ್ತರ ಮೂವತ್ತಾರು.”

ಬರೆದು, ಕೆಳಗೆ ಎರಡು ಗೆರೆಯನ್ನೂ ಎಳೆದ. ಆಮೇಲೆ ತನ್ನ ಹಾಳೆ ನೋಡಿದ. ಬೋರ್ಡು ನೋಡಿದ. ಮತ್ತೆ ಹಾಳೆ.

ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಅದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

“ಅದು ಖರ್ಚಾಗಿದ್ದು ಸಾರ್,” ಎಂದಳು ಗುಮ್ಮಿ, ಮೆಲ್ಲಗೆ. “ಉಳಿದಿದ್ದು ಮಿಕ್ಕ ಒಂದು ಭಾಗ. ಹನ್ನೆರಡು. ನೀವು ಅವಸರದಲ್ಲಿ ಪ್ರಶ್ನೆ ಮರೆತ್ರಿ. ಎಲ್ಲರಿಗೂ ಆಗುತ್ತೆ.”

“ಗೊತ್ತಿತ್ತಾ ನಿಂಗೆ? ಮತ್ತೆ ಯಾಕೆ ತಪ್ಪು ಹೇಳಿದೆ?”

“ಸರಿ ಹೇಳಿದ್ರೆ ನೀವು ಮುಂದಿನ ಲೆಕ್ಕಕ್ಕೆ ಹೋಗ್ತಿದ್ರಿ. ನೀವು ಹೇಗೆ ಹೇಳ್ಕೊಡ್ತೀರ ಅಂತ ನೋಡ್ಬೇಕಿತ್ತು.”

ಆತ ಸೀಮೆಸುಣ್ಣ ಕೆಳಗಿಟ್ಟು ನನ್ನ ಕಡೆ ತಿರುಗಿದ. “ಮೇಡಂ, ಆ ಕತ್ತೆ… ಸ್ವಲ್ಪ ತೋರಿಸ್ತೀರಾ?” ಬೀಗ ತೆಗೆಯುವ ಸಂಖ್ಯೆ ಅವನ ಹತ್ತಿರವೇ ಇತ್ತು. ತೆಗೆದು, ವೈರು ಕಿವಿಗಿಟ್ಟು, ತಪ್ಪು ಒತ್ತಲು ಅವನೂ ನನ್ನ ಹಾಗೆಯೇ ತಡವರಿಸಿದ. ಮೂವತ್ತೊಂದು ಮಕ್ಕಳು ಸುತ್ತ ನಿಂತು, “ಒತ್ತಿ ಸಾರ್, ಏನಾಗಲ್ಲ,” ಎಂದು ಧೈರ್ಯ ತುಂಬಿದರು. ಹನ್ನೊಂದು ಕಥೆ ಕೇಳಿದ. ದೊಡ್ಡ ಮೇಡಂ ಒಂದು ವೈರು ಕಿತ್ತುಕೊಂಡು ಆರು ಕೇಳಿದರು.

ಹೋಗುವಾಗ ವರದಿಯ ಎದುರು ತುಂಬ ಹೊತ್ತು ಕೂತ. “‘ಗೊತ್ತಿದೆ, ಆದರೆ ಕೇಳಬೇಕೆನಿಸುತ್ತದೆ’ ಅಂತ ಬರೆಯೋಕೆ ಇದರಲ್ಲಿ ಜಾಗನೇ ಇಲ್ಲ ಮೇಡಂ.” ಕೊನೆಗೆ ‘ಮರುಪಾಠ ಅಗತ್ಯವಿಲ್ಲ’ ಎಂದು ಬರೆದು ಸಹಿ ಹಾಕಿದ. ಪ್ರಗತಿ ಎಂಬ ಮಾತನ್ನು ಇವತ್ತು ಒಮ್ಮೆಯೂ ಆಡಲಿಲ್ಲ.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ಎದುರು ಕೂತೇ ಹೇಳಿದೆ. ಉಗ್ರಾಣದ ಅರ್ಜಿ ಇನ್ನೂ ಚೀಲದಲ್ಲೇ ಇದೆ, ಇವತ್ತೇ ಕೊನೆಯ ದಿನವಾಗಿತ್ತು. ನಾಳೆಗೆ ಭಿನ್ನರಾಶಿಯ ಕಳೆಯುವಿಕೆಗೊಂದು ಕಥೆ ಬೇಕು, ಯಾವುದೂ ಹೊಳೆಯುತ್ತಿಲ್ಲ.

ಅಕ್ಟೋಬರ್ 17, ಮಂಗಳವಾರ

ಟ್ಯಾಬುಗಳಿಗೆ ಹೊಸ ಆವೃತ್ತಿ ಬಂತು. ಮೇಲಿನವರು ವರದಿ ಓದಿ, ಕತ್ತೆಯನ್ನು ‘ಅನವಶ್ಯಕ ಮನರಂಜನೆ’ ಎಂದು ತೆಗೆದುಹಾಕಿದ್ದಾರೆ. ಈಗ ತಪ್ಪು ಒತ್ತಿದರೆ ಒಂದು ಕೆಂಪು ಅಡ್ಡಗೆರೆ.

ಇದ್ದ ಒಬ್ಬ ಮೇಷ್ಟ್ರು ಬಲು ಗಟ್ಟಿ,
ಅವನಿಗೇ ಕಟ್ಟಿದರು ಗಂಟುಮೂಟೆ ಕಟ್ಟಿ.

(ಎರಡು ‘ಕಟ್ಟಿ’ ಬಂತು. ಇರಲಿ, ದುಃಖದಲ್ಲಿದ್ದೇನೆ.)

ಮಕ್ಕಳು ಒಂದೆರಡು ಸಲ ಒತ್ತಿ ನೋಡಿ ವೈರು ಕಿತ್ತಿಟ್ಟರು. ನಾನು ಟೇಬಲ್ಲಿನ ಹಿಂದೆ ಇರಲಿಲ್ಲ, ಬೆಂಚುಗಳ ನಡುವೆಯೇ ಓಡಾಡುತ್ತಿದ್ದೆ. ಆಗ ಗುಮ್ಮಿ ಕೈಯೆತ್ತಿದಳು. ಪಿಸುಗುಟ್ಟಲು ವಾಚಾಳಿಯ ಕಿವಿ ಹುಡುಕಲಿಲ್ಲ.

“ಟೀಚರ್, ನಂಗೆ ಇದು ಗೊತ್ತಿಲ್ಲ.”

“ನಿಜವಾಗ್ಲೂ ಗೊತ್ತಿಲ್ವಾ, ಅಥವಾ…”

“ನಿಜವಾಗ್ಲೂ.”

ದಶಮಾಂಶದ ಲೆಕ್ಕ. ಸೊನ್ನೆ ಬಿಂದು ಐದನ್ನು ಸೊನ್ನೆ ಬಿಂದು ಐದರಿಂದ ಗುಣಿಸಬೇಕು. “ಸೊನ್ನೆ ಬಿಂದು ಎರಡು ಐದು ಒತ್ತಿದ್ರೆ ನಕ್ಷತ್ರ ಬರುತ್ತೆ,” ಎಂದಳು. “ಆದ್ರೆ ಗುಣಿಸಿದ್ರೆ ಜಾಸ್ತಿ ಆಗ್ಬೇಕಲ್ವಾ? ಇದು ಇದ್ದಿದ್ದಕ್ಕಿಂತ ಕಮ್ಮಿ ಯಾಕಾಯ್ತು?”

ಬಿಂದುವಿನ ಆಚೆ ಎಷ್ಟು ಅಂಕಿ ಇವೆಯೋ ಎಣಿಸು, ಉತ್ತರದಲ್ಲಿ ಅಷ್ಟು ಬಿಡು: ಇಪ್ಪತ್ತೊಂದು ವರ್ಷ ಇದನ್ನು ಹೇಳಿದ್ದೇನೆ. ಯಾಕೆ ಕಡಿಮೆಯಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

“ನಂಗೂ ಸರಿಯಾಗಿ ಗೊತ್ತಿಲ್ಲ ಕಣೇ,” ಎಂದೆ. “ತಡಿ, ನೋಡೋಣ.”

ಒಂದು ಹಾಳೆ ಕೊಟ್ಟೆ. ಮಡಚಿದಳು. ಅರ್ಧ. ಮತ್ತೆ ಮಡಚಿ, ಬಿಚ್ಚಿ, ಮಡಿಕೆಗಳ ಮೇಲೆ ಬೆರಳಾಡಿಸಿದಳು. “ಅರ್ಧ ಮೀಟರ್ ಬಟ್ಟೇಲಿ ಅರ್ಧ ಕತ್ತರಿಸೋ ಹಂಗಾ?” ಎಂದು ತನ್ನಷ್ಟಕ್ಕೆ ಕೇಳಿಕೊಂಡು, ಉತ್ತರಕ್ಕೆ ಕಾಯದೆ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿಗೆ ಹೋದಳು. ಉಳಿದ ಮೂವತ್ತು ಮಂದಿ ನೋಟ್‌ಬುಕ್ಕಿನ ಹಾಳೆ ಹರಿದು ಮಡಚತೊಡಗಿದರು. ತಡೆಯಲಿಲ್ಲ.

ನಿಲ್ಲಲು ಜಾಗವಿಲ್ಲದೆ ಅವಳ ಬೆಂಚಿನಲ್ಲಿ ಕೂತೆ. ಮೂರನೇ ಬೆಂಚು, ಗೋಡೆಯ ಪಕ್ಕ. ಚಿಲಕವಿಲ್ಲದ ಕಿಟಕಿಯ ಬಾಗಿಲು ಒಳಗೆ ಚಾಚಿಕೊಂಡಿರುವುದರಿಂದ ಅಲ್ಲಿಂದ ಬೋರ್ಡಿನ ಎಡಮೂಲೆ ಕಾಣುವುದೇ ಇಲ್ಲ. ಹೋಂವರ್ಕನ್ನು ನಾನು ಬರೆಯುವುದು ಯಾವಾಗಲೂ ಆ ಮೂಲೆಯಲ್ಲಿ.

ನಾಳೆಯಿಂದ ಬಲಗಡೆ ಬರೆಯಬೇಕು.